ಬೇಕು ಅಂದವರೇ ತೊಳೆಯಿರಿ: ನಮ್ಮ ಮನೆ ಹಗುರಾದ ಬಗೆ

“ಈ ಮನ್ಯಾಗಿನ ಹಳೆ ಸಾಮಾನು ಖಾಲಿ ಮಾಡೂದು ನಿನ್ನ ಕೈಲೆ ಆಗೂದಲ್ಲ ಬಿಡವ್ವಾ” ಅಂತ ಓಣಿಯವರೆಲ್ಲ ಹೇಳಿಯಾಗಿತ್ತು. ನಮ್ಮ ಅತ್ತೆಯವರದು ಯಾವಾಗಲೂ ಒಂದೇ ಮಾತು: “ಇರ್ಲಿ, ಯಾವಾಗರ ಬೇಕಾಗ್ತೈತಿ.” ಈಗ ಹಿಂದಿನ ಕೋಣೆಯ ಹಳೆ ಸಾಮಾನೆಲ್ಲ ಖಾಲಿಯಾಗಿದೆ. ಅದಕ್ಕೇ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮದು ಬಾಗಲಕೋಟೆಯ ನವನಗರ. ಇಲ್ಲಿಯ ಮನೆಗಳ ಗೋಳೇ ಬೇರೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಹೋಯಿತು. ಆದರೆ ಮುಳುಗಡೆ ಮಂದಿ ಒಂದು ಮೊಳೆಯನ್ನೂ ಬಿಟ್ಟು ಬರಲಿಲ್ಲ. ಸಾಗವಾನಿ ಬಾಗಿಲು, ಚೌಕಟ್ಟು, ತೊಲೆ, ಕೊಪ್ಪರಿಗೆ, ಬೀಸೋ ಕಲ್ಲು, ಎಲ್ಲಾ ಟ್ರ್ಯಾಕ್ಟರ್ ಹತ್ತಿ ಬಂದವು. ದೊಡ್ಡ ಮನೆಯ ಸಾಮಾನು ಸೆಕ್ಟರಿನ ಸಣ್ಣ ಮನೆಯಲ್ಲಿ ಹಿಡಿಯಬೇಕಲ್ವಾ?

ಮೊದಲು ಪ್ಲಾಸ್ಟಿಕ್ ಡಬ್ಬಿ ತಂದು ಜೋಡಿಸಿದೆ. 3,000 ರೂಪಾಯಿ ಹತ್ತಿರ ಹೋಯಿತು. ಸಾಮಾನು ಇದ್ದಷ್ಟೇ ಇತ್ತು, ಮೇಲೆ ಡಬ್ಬಿಗಳ ರಾಶಿ ಬೇರೆ. ಬಟ್ಟೆಯೆಲ್ಲ ಮಂಚದ ಮೇಲೆ ಸುರಿದು ಒಂದೊಂದೇ ಕೈಗೆತ್ತಿಕೊಂಡು “ಖುಷಿ ಆಗುತ್ತಾ” ಅಂತ ನೋಡುವ, ಜಪಾನಿನ ಮರಿ ಕೊಂಡೊ ಅವರ ಪದ್ಧತಿಯೂ ಆಯಿತು. ಐದು ಮಂದಿಯ ಬಟ್ಟೆ. ರಾತ್ರಿ ಮಲಗೋಕೆ ಜಾಗ ಇಲ್ಲ ಅಂತ ಎಲ್ಲ ವಾಪಸ್ ಕಪಾಟಿಗೆ ತುರುಕಿದೆವು. ಹಳೆ ಬಟ್ಟೆಗೆ ಪಾತ್ರೆ ಕೊಡುವವರನ್ನು ಕರೆದರೆ ಗಂಟು ಹೊರಗೆ ಹೋಯಿತು, ಸ್ಟೀಲ್ ಡಬ್ಬಿ ಒಳಗೆ ಬಂತು. ಇದು ಯಾವ ಲೆಕ್ಕ?

ಕೊನೆಗೆ ದಾರಿ ಸಿಕ್ಕಿದ್ದು ಮಹಾನವಮಿ ಹಬ್ಬದ ತಯಾರಿಯಲ್ಲಿ. ಘಟಸ್ಥಾಪನೆಗೆ ಮುಂಚೆ ಹಾಸಿಗೆ, ಕೌದಿ, ಪಾತ್ರೆ ಎಲ್ಲಾ ಹೇಗಿದ್ದರೂ ಅಂಗಳಕ್ಕೆ ಬರುತ್ತವೆ. ಆ ಸಲ ನಾನು ಒಂದು ಕರಾರು ಹಾಕಿದೆ. ಯಾವ ಸಾಮಾನು ಬೇಕು ಅಂತೀರೋ ಅದನ್ನು ನೀವೇ ತೊಳೆದು, ಒಣಗಿಸಿ, ಒಳಗೆ ಇಡಬೇಕು. ನಾನು ಮುಟ್ಟೋದಿಲ್ಲ.

ನಮ್ಮ ಮನೆಯವರು ಕಿಲುಬು ಹಿಡಿದ ಹಿತ್ತಾಳೆ ಹಂಡೆಯ ಮುಂದೆ ಹುಣಸೆಹಣ್ಣು ಹಿಡಿದು ಕೂತರು. ಬರೀ ಕಂಠ ತಿಕ್ಕುವಷ್ಟರಲ್ಲಿ ಬೆರಳೆಲ್ಲ ಕಪ್ಪು, ಅಂಗಿ ಪೂರ್ತಿ ಒದ್ದೆ. ಹೊಟ್ಟೆ ಭಾಗಕ್ಕೆ ಬರುವ ಮೊದಲೇ ಎದ್ದು, “ಇದನ್ನ ಯಾರಿಗರ ಕೊಡು” ಅಂದರು. ಮಗ ತನ್ನ ಹಳೆ ನೋಟ್‌ಬುಕ್ಕುಗಳ ಧೂಳು ಕೊಡವಲು ಕೂಡ ಬರಲಿಲ್ಲ. ಎಲ್ಲಾ ರದ್ದಿಗೆ ಹೋದವು. ಅತ್ತೆಯವರಿಗೆ ಮಾತ್ರ ರಿಯಾಯಿತಿ. ಅವರ ಟ್ರಂಕು ಅವರದು, ಬೀಗದ ಕೈಯೂ ಅವರದೇ.

ದುಡ್ಡಿನ ವಿಷಯ. ಹಿತ್ತಾಳೆಗೆ ಕಿಲೋಗೆ 400ರ ಆಸುಪಾಸು, ತಾಮ್ರಕ್ಕೆ 600ರ ಮೇಲೆ ಸಿಕ್ಕ ನೆನಪು. ಗುಜರಿಯವರು ಬರುವ ಮೊದಲೇ ಮನೆಯಲ್ಲಿ ತೂಕ ಮಾಡಿಟ್ಟುಕೊಳ್ಳಿ. ಹಂಡೆಗೆ ಕಬ್ಬಿಣದ ಕಡ ಇದ್ದರೆ ಬಿಚ್ಚಿಡಿ, ಇಲ್ಲದಿದ್ದರೆ ಅದರ ತೂಕ ಅಂತ ಬೇಕಾದಷ್ಟು ಕಳೀತಾರೆ. ಸ್ಟೀಲಿಗೆ ಆಗ ಕಿಲೋಗೆ 40 ಬಂದದ್ದೇ ಪುಣ್ಯ. ಮದುವೆ ಆಯೇರಿಯಲ್ಲಿ ಬಂದ, ಹೆಸರು ಕೊರೆಸಿದ ತಾಟು, ವಾಟಿಗಳನ್ನು ಯಾರೂ ಪುಕ್ಕಟೆ ಕೂಡ ಒಯ್ಯಲಿಲ್ಲ. ದೊಡ್ಡ ಬೋಗಾಣಿ, ಪರಾತಗಳ ಜೊತೆ ಅವನ್ನೂ ಗುಡಿಗೆ ಕೊಟ್ಟೆವು. ಮನೆಯಲ್ಲಿ ಕಾರ್ಯ ಇದ್ದರೆ ಅಲ್ಲಿಂದಲೇ ತರುತ್ತೇವೆ.

ಜರಿ ಸೀರೆ ಕೊಳ್ಳುವವನು 500ರಿಂದ ಶುರು ಮಾಡಿದ. ಅದೇ ಸೀರೆಗೆ ಕೊನೆಗೆ 2,000ಕ್ಕಿಂತ ಜಾಸ್ತಿ ಕೊಟ್ಟು ಹೋದ. ಹೇಗೆ ಅಂತ ಇಲ್ಲಿ ಬರೆಯೋದಿಲ್ಲ, ಅವನು ಇನ್ನೂ ನಮ್ಮ ಓಣಿಗೆ ಬರುತ್ತಾನೆ. ಹರಿದ ಇಳಕಲ್ ಸೀರೆಗಳೆಲ್ಲ ಕೌದಿಯಾದವು. ಹೊಲಿಗೆಗೆ ಒಂದಕ್ಕೆ 1,000 ಚಿಲ್ಲರೆ ಕೂಲಿ ಬಿತ್ತು.

ಉಡಿ ತುಂಬಿದ ಕುಬಸದ ಬಟ್ಟೆಯದು ಬೇರೆಯೇ ಕಥೆ. ಬೇಡ ಅನ್ನೋ ಹಾಗಿಲ್ಲ, ಹೊಲಿಸೋ ಹಾಗೂ ಇಲ್ಲ. ಗುಳೇದಗುಡ್ಡ ಖಣವಾದರೆ ಇಟ್ಟುಕೊಳ್ಳುತ್ತೇನೆ. ಉಳಿದದ್ದರಲ್ಲಿ ಸಂತೆ ಚೀಲ ಹೊಲಿದು ನೋಡಿದೆ. ಪಾಲಿಸ್ಟರ್ ಬಟ್ಟೆ ಎರಡು ಕಿಲೋ ಉಳ್ಳಾಗಡ್ಡಿ ಹಾಕುವಷ್ಟರಲ್ಲಿ ಹೊಲಿಗೆಯ ಬದಿಯಲ್ಲೇ ಪಿಸಿಯಿತು. ಎರಡು ಪದರು ಮಾಡಿದರೆ ತಡೆಯುತ್ತದೆ, ಆದರೆ ಅಷ್ಟು ಪುರುಸೊತ್ತು ಯಾರಿಗಿದೆ? ಈಗ ಬಂದ ಕುಬಸದ ಬಟ್ಟೆ ಹಾಕಲು ಕಪಾಟಿನ ಬಾಗಿಲಿಗೆ ಒಂದು ಚೀಲ ನೇತು ಹಾಕಿದ್ದೇನೆ. ಅದು ತುಂಬಿದ ದಿನವೇ ಮುಂದಿನ ಅರಿಷಿನ ಕುಂಕುಮಕ್ಕೆ ಪಾರ್ಸಲ್. ಕೊಟ್ಟವರ ಮನೆಗೇ ತಿರುಗಿ ಹೋಗದ ಹಾಗೆ ಒಂದು ಗುರುತು ಮಾಡುತ್ತೇನೆ. ಅದೂ ಗುಟ್ಟು.

ಹಳೆ ಬಾಗಿಲು, ಚೌಕಟ್ಟುಗಳಿಗೆ ಮಾತ್ರ ಜಗಳ ಜೋರಾಯಿತು. ತೊಳೆಯುವ ಕರಾರು ಅಲ್ಲಿ ನಡೆಯಲಿಲ್ಲ. ಮಾವನವರ ಕಾಲದ್ದು, ಮಾರೋದು ಹೇಗೆ? ಬಡಿಗೇರರನ್ನು ಕರೆಸಿ ಅದರಲ್ಲೇ ಮಂಚ ಮಾಡಿಸಿದೆವು. ಕೂಲಿ 7-8 ಸಾವಿರ ಆಗಿರಬೇಕು. ಉಳಿದ ತೊಲೆಯನ್ನು ಅವರೇ ಕೊಂಡರು, ಕೂಲಿಗಿಂತ ಜಾಸ್ತಿಯೇ ಬಂತು.

ಆ ಮಂಚ ಹಿಂದಿನ ಕೋಣೆಯಲ್ಲಿದೆ. ಕೋಣೆಯನ್ನು ಕಾಲೇಜು ಹುಡುಗಿಯೊಬ್ಬಳಿಗೆ ಬಾಡಿಗೆ ಕೊಟ್ಟಿದ್ದೇವೆ, ತಿಂಗಳಿಗೆ 2,500. ಕರೆಂಟು ಬೇರೆ.