ಒಂದು ದಿನಕ್ಕೆ ಒಂದೇ ದಾರಿ: ಕಡಿಮೆ ಖರ್ಚಿನಲ್ಲಿ ಶಿವಮೊಗ್ಗ, ಸುತ್ತಲಿನ ಮಲೆನಾಡು

ಶಿವಮೊಗ್ಗ ನೋಡಲು ಬಂದವರ ದುಡ್ಡು ಬಸ್ ಟಿಕೆಟ್ಟಿಗಿಂತ ಹೆಚ್ಚಾಗಿ ಕರಗುವುದು ಹೋದ ದಾರಿಯಲ್ಲೇ ತಿರುಗಿ ಬರುವುದರಲ್ಲಿ. ಬೆಳಗ್ಗೆ ಜೋಗ, ಸಂಜೆ ಆಗುಂಬೆ ಸೂರ್ಯಾಸ್ತ ಎಂದು ಪಟ್ಟಿ ಮಾಡಿಕೊಂಡರೆ ಟ್ಯಾಕ್ಸಿ ಹಿಡಿಯದೆ ಬೇರೆ ದಾರಿಯಿಲ್ಲ. ಊರಿನಿಂದ ಕಾಡಿನ ಕಡೆಗೆ ಹೋಗುವ ದೊಡ್ಡ ದಾರಿಗಳು ಎರಡು. ಒಂದು ತುಂಗೆಯ ಜತೆಜತೆಗೇ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ಹಾದು ಆಗುಂಬೆಗೆ ಏರುತ್ತದೆ. ಇನ್ನೊಂದು ಆಯನೂರು, ಆನಂದಪುರ, ಸಾಗರ, ತಾಳಗುಪ್ಪ ಹಾದು ಜೋಗ ಸೇರುತ್ತದೆ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಅಡ್ಡದಾರಿಯೇನೋ ಇದೆ, ಆದರೆ ಬಸ್ಸು ಕಡಿಮೆ. ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಹಾಗಾಗಿ ಒಂದು ದಿನಕ್ಕೆ ಒಂದೇ ದಾರಿ ಎಂದು ಇಟ್ಟುಕೊಳ್ಳಿ. ನಾಲ್ಕು ದಿನ ಇದ್ದರೆ ಎರಡೂ ದಾರಿ ನಿಧಾನವಾಗಿ ಮುಗಿಯುತ್ತವೆ.

ಇಬ್ಬರು ರೂಮು ಹಂಚಿಕೊಂಡು, ಬಸ್ಸಿನಲ್ಲೇ ಓಡಾಡಿದರೆ ಒಬ್ಬರಿಗೆ ದಿನಕ್ಕೆ ಸಾವಿರ ರೂಪಾಯಿ ಆಸುಪಾಸು ಹಿಡಿದುಕೊಳ್ಳಿ. ಅದರಲ್ಲಿ ಅರ್ಧ ರೂಮಿಗೆ, ಕಾಲು ಊಟ ತಿಂಡಿಗೆ, ಉಳಿದದ್ದು ಬಸ್ಸು, ಆಟೋ, ಪ್ರವೇಶ ಟಿಕೆಟ್ಟಿಗೆ. ಒಬ್ಬರೇ ಬಂದರೆ ಏರುವುದು ರೂಮಿನ ಬಾಬ್ತು ಮಾತ್ರ.

ಬೆಂಗಳೂರು ಅಥವಾ ಮೈಸೂರಿನಿಂದ ಬರುವವರಿಗೆ ಒಂದು ಉಪಾಯ: ಶಿವಮೊಗ್ಗದಲ್ಲಿ ಇಳಿಯಲೇಬೇಡಿ. ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಶಿವಮೊಗ್ಗಕ್ಕೆ ಟಿಕೆಟ್ ತೆಗೆದರೆ ಬೆಳಗಿನ ಜಾವದ ಕತ್ತಲಲ್ಲಿ ಇಳಿದು ಪ್ಲಾಟ್‌ಫಾರಂನಲ್ಲಿ ತೂಕಡಿಸಬೇಕು. ಕೊನೆಯ ನಿಲ್ದಾಣದವರೆಗೆ ತೆಗೆದರೆ ಬೆಳಗ್ಗೆ ತಾಳಗುಪ್ಪದಲ್ಲಿರುತ್ತೀರಿ, ಅಲ್ಲಿಂದ ಜೋಗ ಹದಿನೈದು ಕಿ.ಮೀ. ಆಸುಪಾಸು. ಒಂದು ರಾತ್ರಿಯ ರೂಮು ಉಳಿಯಿತು, ಶಿವಮೊಗ್ಗದಿಂದ ಜೋಗಕ್ಕೆ ನೂರು ಕಿ.ಮೀ. ಬಸ್ಸೂ ಉಳಿಯಿತು. ನಿಲ್ದಾಣದ ಹೊರಗೆ ಆಟೋದವರು ಇರುತ್ತಾರೆ. ಒಬ್ಬರೇ ಹತ್ತಬೇಡಿ, ಅದೇ ರೈಲಿನಿಂದ ಇಳಿದ ಇನ್ನಿಬ್ಬರನ್ನು ಕೂಡಿಸಿಕೊಂಡು ಬಾಡಿಗೆ ಹಂಚಿಕೊಳ್ಳಿ. ಶುಕ್ರವಾರದ ಸ್ಲೀಪರ್ ಬೇಗ ತುಂಬುತ್ತದೆ. ಮಂಗಳವಾರ, ಬುಧವಾರ ಹೊರಟರೆ ರೈಲೂ ಸಿಗುತ್ತದೆ, ಜೋಗದಲ್ಲಿ ಜನವೂ ಕಡಿಮೆ.

ಜೋಗಕ್ಕೆ ಯಾವಾಗ ಹೋಗಬೇಕು ಎಂಬುದಕ್ಕೆ ತಿಂಗಳಿಗಿಂತ ಒಳ್ಳೆಯ ಅಳತೆ ಲಿಂಗನಮಕ್ಕಿ. ಶರಾವತಿಗೆ 1964ರಲ್ಲಿ ಮುಗಿದ ಈ ಅಣೆಕಟ್ಟು ಜಲಪಾತದ ಮೇಲ್ಗಡೆಯೇ ಇದೆ. ನೀರು ಬಿಡುವುದೂ ಹಿಡಿಯುವುದೂ ಅದರ ಕೈಯಲ್ಲಿ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಪತ್ರಿಕೆಯ ಜಲಾಶಯ ಮಟ್ಟದ ಅಂಕಣ ದಿನಾ ನೋಡುತ್ತಿರಿ. ಮಟ್ಟ 1819ಕ್ಕೆ ಹತ್ತಿರವಾಗುತ್ತಿದ್ದಂತೆ ಗೇಟು ತೆರೆಯುವ ಸುದ್ದಿ ಬರುತ್ತದೆ, ಆಗ 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡುವುದಲ್ಲ, ಕೇಳಬೇಕು. ಗೇಟು ತೆರೆಯದಿದ್ದರೂ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಣೆಕಟ್ಟಿನ ಕೆಳಗೆ ಸುರಿದ ಮಳೆಯೇ ನಾಲ್ಕೂ ಧಾರೆಗೆ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಬಂದವರಿಗೆ ಹೆಚ್ಚಾಗಿ ಕಾಣುವುದು ಕರಿಬಂಡೆ. ಎದುರಿನ ಕಟ್ಟೆಯಲ್ಲಿ ನಿಂತರೆ ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ.

ಮಳೆಗಾಲದಲ್ಲಿ ಎಲ್ಲರೂ ಎಡವುವುದು ಮಂಜಿನ ವಿಷಯದಲ್ಲಿ. ಬಂದು ನಿಂತಾಗ ಬರೀ ಬಿಳಿ ಪರದೆ. ಹತ್ತು ನಿಮಿಷ ಕಾದು, ಬೈದುಕೊಂಡು ಹೊರಟುಬಿಡುತ್ತಾರೆ. ಗಾಳಿ ತಿರುಗಿದ ಕೂಡಲೇ ಪರದೆ ಸರಿಯುತ್ತದೆ, ಐದು ನಿಮಿಷಕ್ಕೆ ಮತ್ತೆ ಮುಚ್ಚುತ್ತದೆ. ಕನಿಷ್ಠ ಎರಡು ಗಂಟೆ ಕೈಯಲ್ಲಿಟ್ಟುಕೊಂಡೇ ಹೋಗಿ. ಜಲಪಾತದ ಬುಡಕ್ಕೆ ಇಳಿಯುವ ಮೆಟ್ಟಿಲು ಸುಮಾರು 1400. ಮಳೆ ಜೋರಿದ್ದಾಗ ಮುಚ್ಚಿರುತ್ತಾರೆ, ಬೇಲಿ ದಾಟುವ ಸಾಹಸ ಬೇಡ. ತೆರೆದಿದ್ದರೆ ಇಳಿಯುವುದಕ್ಕೆ ಹಿಡಿದ ಹೊತ್ತಿನ ಎರಡರಷ್ಟು ಹತ್ತುವುದಕ್ಕೆ ಬೇಕು.

ಜೋಗದಲ್ಲಿ ಉಳಿಯುವುದಕ್ಕಿಂತ ಸಾಗರಕ್ಕೆ ಬಂದು ಉಳಿಯುವುದು ಅಗ್ಗ. ಜೋಗ ನಿಲ್ದಾಣದಿಂದ ಬಸ್ಸಿಲ್ಲದಿದ್ದರೆ ಹೊನ್ನಾವರ, ಭಟ್ಕಳದ ಕಡೆಯಿಂದ ಬರುವವು ಸಿಗುತ್ತವೆ. ಸಾಗರದಲ್ಲಿ ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ಎರಡೂ ಹತ್ತು ಕಿ.ಮೀ. ಒಳಗೆ, ಆದರೆ ಊರಿನ ಎರಡು ದಿಕ್ಕಿಗೆ. ಒಂದೊಂದಕ್ಕೂ ಬೇರೆ ಆಟೋ ಮಾಡಿದರೆ ನಷ್ಟ. "ಎರಡೂ ಕಡೆ ಹೋಗಿ ಬರಬೇಕು, ವೇಟಿಂಗ್ ಸೇರಿ ಎಷ್ಟು?" ಎಂದು ಒಂದೇ ಮಾತಿನಲ್ಲಿ ಕೇಳಿ, ಹತ್ತುವ ಮೊದಲೇ ಮೊತ್ತ ಗಟ್ಟಿ ಮಾಡಿಕೊಳ್ಳಿ. ಅವಸರವಿದ್ದರೆ ಇಕ್ಕೇರಿ ಒಂದೇ ಸಾಕು. ಸಿಗಂದೂರಿಗೆ ಹೋಗುವವರು ಈಗ ಹಿನ್ನೀರು ದಾಟಲು ಲಾಂಚ್ ಕಾಯಬೇಕಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಸಾಗರದಿಂದ ಶಿವಮೊಗ್ಗಕ್ಕೆ ಬರುವಾಗ ಹೊತ್ತಿದ್ದರೆ ಆನಂದಪುರದಲ್ಲಿ ಇಳಿದು ಚಂಪಕ ಸರಸ್ಸು ನೋಡಬಹುದು, ಕಲ್ಲಿನ ಮೆಟ್ಟಿಲ ಕೊಳ. ತ್ಯಾವರೆಕೊಪ್ಪದ ಸಿಂಹಧಾಮವೂ ಇದೇ ದಾರಿಯಲ್ಲಿ, ಶಿವಮೊಗ್ಗಕ್ಕೆ ಹತ್ತು ಕಿ.ಮೀ. ಇರುವಾಗ. ಮಂಗಳವಾರ ರಜೆ. ಮಧ್ಯಾಹ್ನದ ಬಿಸಿಲಲ್ಲಿ ಹುಲಿ, ಸಿಂಹ ನೆರಳಲ್ಲಿ ಮಲಗಿಬಿಡುತ್ತವೆ, ಬೆಳಗಿನ ಮೊದಲ ಸುತ್ತಿಗೇ ಹೋಗಿ.

ಇನ್ನು ತುಂಗೆಯ ದಾರಿ. ಸರ್ಕಾರಿ ಬಸ್ ನಿಲ್ದಾಣ, ಖಾಸಗಿ ಬಸ್ ನಿಲ್ದಾಣ ಶಿವಮೊಗ್ಗದಲ್ಲಿ ಪಕ್ಕಪಕ್ಕದಲ್ಲೇ ಇವೆ, ಯಾವುದು ಮೊದಲು ಹೊರಡುತ್ತದೋ ನೋಡಿ ಹತ್ತಬಹುದು. ಇಲ್ಲೊಂದು ಲೆಕ್ಕವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಎ.ಸಿ. ಬಸ್ಸಿಗೆ ಅನ್ವಯಿಸದು. ಮಲೆನಾಡಿನ ಒಳದಾರಿಗಳಲ್ಲಿ ಹೆಚ್ಚಿಗೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಎಲ್ಲರಿಗೂ ಟಿಕೆಟ್ಟೇ. ಪೂರ್ತಿ ಉಚಿತ ಎಂದುಕೊಂಡು ಬಂದ ಹೆಣ್ಣುಮಕ್ಕಳ ಬಜೆಟ್ ತಪ್ಪುವುದು ಇಲ್ಲಿ. ಉಚಿತಕ್ಕೆಂದು ಒಂದು ಗಂಟೆ ಕಾದು ಸಕ್ರೆಬೈಲಿನ ಆನೆ ತಪ್ಪಿಸಿಕೊಳ್ಳುವುದೂ ಜಾಣತನವಲ್ಲ.

ಸಕ್ರೆಬೈಲು ಶಿವಮೊಗ್ಗದಿಂದ ಹದಿನಾಲ್ಕು ಕಿ.ಮೀ. ಹತ್ತುವ ಮೊದಲು ಕಂಡಕ್ಟರನ್ನು ಕೇಳಿ: "ಸಕ್ರೆಬೈಲಲ್ಲಿ ಸ್ಟಾಪ್ ಕೊಡ್ತೀರಾ?" ಎಕ್ಸ್‌ಪ್ರೆಸ್ ಬಸ್ಸು ನಿಲ್ಲಿಸದೆ ಹೋದರೆ ಮುಂದಿನ ಸ್ಟಾಪಿನಿಂದ ವಾಪಸ್ ಬರಬೇಕು. ಎಂಟೂವರೆಗೆ ಅಲ್ಲಿನ ಆನೆ ಬಿಡಾರದಲ್ಲಿರುವಂತೆ ಹೊರಡಿ. ರಾತ್ರಿ ಕಾಡಿಗೆ ಮೇಯಲು ಬಿಟ್ಟ ಆನೆಗಳನ್ನು ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬೆಳಗ್ಗೆ ಹುಡುಕಿ ಕರೆತರುತ್ತಾರೆ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆ ಒಂದು ಮಗ್ಗುಲಿಗೆ ಮಲಗುತ್ತದೆ, ಕಾವಾಡಿ ಹೊಟ್ಟೆಯ ಮೇಲೆ ನಿಂತು ತಿಕ್ಕುತ್ತಾನೆ. ಸೊಂಡಿಲಿನ ತುದಿ ಮಾತ್ರ ನೀರಿನ ಮೇಲೆ ಉಸಿರಾಡುತ್ತಿರುತ್ತದೆ. ಆಮೇಲೆ ಕುಸುರೆ, ಅಂದರೆ ಹುಲ್ಲಿನ ಕಟ್ಟಿನೊಳಗೆ ಭತ್ತ, ಬೆಲ್ಲ ಸುತ್ತಿ ಬಾಯಿಗಿಡುವುದು. ಹನ್ನೊಂದರ ನಂತರ ಬಂದರೆ ಖಾಲಿ ಬಯಲು, ಲದ್ದಿ, ಅಷ್ಟೇ. ನಿಮ್ಮ ಬಾಳೆಹಣ್ಣನ್ನು ಮಾವುತನನ್ನು ಕೇಳದೆ ನೀಡಬೇಡಿ. ಮರಿಯಾನೆಯ ಹತ್ತಿರ ಹೋಗುವುದಂತೂ ಬೇಡವೇ ಬೇಡ, ತಾಯಿ ಪಕ್ಕದಲ್ಲೇ ಇರುತ್ತದೆ.

ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದಿನ ಬಸ್ಸು ಹಿಡಿದರೆ ಮಂಡಗದ್ದೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಮಾತ್ರ ಇಳಿಯಿರಿ. ಉಳಿದ ತಿಂಗಳಲ್ಲಿ ಬರೀ ಮರ. ಪಕ್ಷಿಧಾಮಕ್ಕೆ ಸಂಜೆಯೇ ಒಳ್ಳೆಯದು ಎನ್ನುತ್ತಾರೆ, ಆದರೆ ಮರಿಗಳಿರುವ ಕಾಲದಲ್ಲಿ ಮಧ್ಯಾಹ್ನವೂ ಗದ್ದಲವೇ, ಏಕೆಂದರೆ ತಾಯಿಹಕ್ಕಿಗಳು ದಿನವಿಡೀ ಮೀನು ತಂದು ಹಾಕುತ್ತಿರುತ್ತವೆ. ತುಂಗೆ ಉಕ್ಕಿದಾಗ ಕೆಳಗಿನ ಕೊಂಬೆಯ ಗೂಡುಗಳು ಮುಳುಗುವುದುಂಟು. ಅರ್ಧ ಗಂಟೆ ಸಾಕು, ತೀರ್ಥಹಳ್ಳಿಯಲ್ಲಿ ಊಟ.

ತೀರ್ಥಹಳ್ಳಿಯಲ್ಲೇ ರೂಮು ಮಾಡಿ. ಆಗುಂಬೆಗೂ ಕುಪ್ಪಳಿಗೂ ಇಲ್ಲಿಂದಲೇ ಬಸ್ಸು. ಆಗುಂಬೆಯ ಸೂರ್ಯಾಸ್ತಕ್ಕೆ ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಆ ದಿಬ್ಬದ ಮೇಲೆ ನಿಂತರೆ ಮೋಡವೇ ಮುಖಕ್ಕೆ ಬಡಿಯುತ್ತದೆ. ಸೂರ್ಯ ಮುಳುಗುವುದನ್ನು ನೋಡಿ ಮುಗಿಸುವ ಹೊತ್ತಿಗೆ ಬಸ್ಸುಗಳೂ ಮುಗಿಯುತ್ತಾ ಬಂದಿರುತ್ತವೆ. ಆದ್ದರಿಂದ ಆಗುಂಬೆಯಲ್ಲಿ ಇಳಿದ ತಕ್ಷಣ ಮೊದಲ ಕೆಲಸ, ನಿಲ್ದಾಣದ ಅಂಗಡಿಯಲ್ಲಿ ತೀರ್ಥಹಳ್ಳಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳುವುದು. ಫೋನಿನಲ್ಲಿ ಸಿಗುವ ವೇಳಾಪಟ್ಟಿಗಿಂತ ಟೀ ಕೊಡುವವರ ಮಾತು ನಂಬಿಕಸ್ಥ. ಕುಂದಾದ್ರಿಗೆ ಹೋಗುವವರು ದಾರಿಯಲ್ಲಿ ಗುಡ್ಡೇಕೇರಿಯಲ್ಲಿ ಇಳಿಯಬೇಕು; ತುದಿಯ ಪಾರ್ಶ್ವನಾಥ ಬಸದಿಯವರೆಗೆ ಡಾಂಬರು ರಸ್ತೆಯಿದೆ, ಆಟೋ ಹಂಚಿಕೊಳ್ಳಬಹುದು, ಕಾಲಿಗೆ ಕಸುವಿದ್ದರೆ ನಡೆಯಬಹುದು. ಕವಲೇದುರ್ಗ ಸೊಗಸಾದ ಕೋಟೆ, ಆದರೆ ಬಸ್ಸು ಅಪರೂಪ, ಮಳೆಯಲ್ಲಿ ಕಲ್ಲುಹಾಸು ಜಾರುತ್ತದೆ. ಕೊಡಚಾದ್ರಿಯ ಜೀಪಿಗೆ ಏಳೆಂಟು ಜನರ ಗುಂಪು ಇಲ್ಲದಿದ್ದರೆ ಈ ಬಜೆಟ್ಟಿನಲ್ಲಿ ಅದನ್ನು ಬಿಟ್ಟುಬಿಡುವುದೇ ಲೇಸು.

ರೂಮು ಹಿಡಿಯುವಾಗ ಎರಡು ಪ್ರಶ್ನೆ. ಮೊದಲನೆಯದು, ಚೆಕ್‌ಔಟ್ ಇಪ್ಪತ್ನಾಲ್ಕು ಗಂಟೆಯದೋ, ಮಧ್ಯಾಹ್ನ ಹನ್ನೆರಡರದೋ? ಬೆಳಗಿನ ಜಾವ ಬಂದು ಹನ್ನೆರಡರ ಲಾಡ್ಜಿಗೆ ಸೇರಿದರೆ ಏಳು ಗಂಟೆಗೆ ಒಂದು ದಿನದ ಬಾಡಿಗೆ. ಎರಡನೆಯದು, ಬಿಸಿನೀರು ಸೋಲಾರೋ ಗೀಸರ್ರೋ? ಮಲೆನಾಡಿನ ಜುಲೈನಲ್ಲಿ ಸೋಲಾರ್ ಬಿಸಿನೀರು ಎಂದರೆ ತಣ್ಣೀರು ಎಂದೇ ಅರ್ಥ. ಬಟ್ಟೆಯೂ ಒಣಗುವುದಿಲ್ಲ, ಜೀನ್ಸ್ ಬಿಟ್ಟು ತೆಳ್ಳನೆಯ ಪ್ಯಾಂಟ್ ತನ್ನಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ.

ಊಟಕ್ಕೆ ತೀರಾ ಅಗ್ಗದ ದಾರಿ ಶಿವಮೊಗ್ಗದ ಇಂದಿರಾ ಕ್ಯಾಂಟೀನ್: ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ತಡವಾಗಿ ಹೋದರೆ ಖಾಲಿ. ಹೊರಗೆ ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ. ತೀರ್ಥಹಳ್ಳಿ, ಸಾಗರದ ಸಣ್ಣ ಹೋಟೆಲುಗಳಲ್ಲಿ ಕಡುಬು, ನೀರುದೋಸೆ ಇದೆಯೇ ಎಂದು ಬೆಳಗ್ಗೆಯೇ ಕೇಳಿ. ಒಳಊರುಗಳಲ್ಲಿ ನೆಟ್‌ವರ್ಕ್ ಹೋದರೆ ಫೋನ್‌ಪೇ ಕೂಡ ಹೋಯಿತು. ಹತ್ತು, ಇಪ್ಪತ್ತು, ಐವತ್ತರ ನೋಟು ಜೇಬಲ್ಲಿರಲಿ.

ಮಳೆಗಾಲದ ಕಾಡೆಂದರೆ ಉಂಬಳ, ಅಂದರೆ ರಕ್ತ ಹೀರುವ ನೆಲದ ಜಿಗಣೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಸಾಕ್ಸಿನ ಮೇಲೆ ಒಣ ಸೋಪು ತಿಕ್ಕಿ, ಅಥವಾ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಮಳೆಗೆ ಅದು ತೊಳೆದುಹೋಗುತ್ತದೆ, ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಬಾಯಿಯಿರುವ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ಗಾಯದ ರಕ್ತ ಬೇಗ ನಿಲ್ಲದಿದ್ದರೆ ಗಾಬರಿ ಬೇಡ: ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ಜೊಲ್ಲಿನ ಕೆಲಸ. ತೊಳೆದು ಹತ್ತಿ ಒತ್ತಿಹಿಡಿಯಿರಿ.

ಉಂಬಳಕ್ಕಿಂತ ಹೆದರಬೇಕಾದದ್ದು ಬೇಸಿಗೆಯ ಉಣ್ಣೆಗೆ, ದನಗಳ ಮೈಗೆ ಕಚ್ಚಿಕೊಳ್ಳುವ ಪುಟ್ಟ ಹುಳಕ್ಕೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ನವೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಆ ದಾರಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯದವರಿಗೆ ತಿಳಿಸಿ, ರೂಮಿಗೆ ಬಂದ ಕೂಡಲೇ ಬಟ್ಟೆ ಬಿಸಿನೀರಲ್ಲಿ ನೆನೆಹಾಕಿ ಮೈ ತಿಕ್ಕಿ ಸ್ನಾನ ಮಾಡಿ. ಊರಿಗೆ ಮರಳಿದ ವಾರದೊಳಗೆ ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಹೇಳದಿದ್ದರೆ ಬಯಲುಸೀಮೆಯ ಆಸ್ಪತ್ರೆಯಲ್ಲಿ ಮೊದಲು ಡೆಂಗಿಯೆಂದು ಶಂಕಿಸಿ ಅದರ ಹಿಂದೆಯೇ ಎರಡು ದಿನ ಹೋಗಬಹುದು.