ಚಮಚದ ಬೆನ್ನ ಮೇಲಿನ ಗೀರು

ಉತ್ಖನನದಲ್ಲಿ ಸಿಕ್ಕ ಬೋಕಿ, ಮಣಿ, ಬಳೆಚೂರುಗಳ ಚಿತ್ರ ಬರೆದೇ ಕೈ ಪಳಗಿದವಳು ನಾನು. ಲಂಡನ್ನಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್ ತಂಡದವರ ಸಾಮಾನುಗಳಿವೆ ಎಂದು ತಿಳಿದಾಗ ಪೆನ್ಸಿಲು, ಹಾಳೆ ಹಿಡಿದು ಹೊರಟೆ.

1845ರ ಮೇ ತಿಂಗಳಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ ಕೆನಡಾದ ಉತ್ತರದ ಹಿಮಗಡಲಿನೊಳಗೆ ದಾರಿ ಹುಡುಕಲು ಹೋದ ಈ ತಂಡದ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬಾತ ಅಲ್ಲಿನ ಮೂಲನಿವಾಸಿಗಳಾದ ಇನ್ಯುಟ್ ಜನರಿಂದ ತಂಡದ ಗತಿ ಕೇಳಿ ತಿಳಿದು, ಆ ಇನ್ಯುಟರ ಬಳಿಯಿದ್ದ ಬೆಳ್ಳಿ ಚಮಚ, ಫೋರ್ಕುಗಳನ್ನು ಕೊಂಡು ತಂದ. 1859ರಲ್ಲಿ, ಅವರನ್ನು ಹುಡುಕಿ ಹೋದ ಮೆಕ್ಲಿಂಟಾಕ್ ಎಂಬಾತನ ತಂಡಕ್ಕೆ ಅಲ್ಲಿನ ಕಿಂಗ್ ವಿಲಿಯಂ ದ್ವೀಪದ ದಡದಲ್ಲಿ ಜಾರುಬಂಡಿಯ ಮೇಲೇರಿಸಿದ 28 ಅಡಿಯ ದೋಣಿ ಸಿಕ್ಕಿತು. ಒಳಗೆ ಇಬ್ಬರ ಅಸ್ಥಿ. ಸುತ್ತ ರೇಷ್ಮೆ ಕರವಸ್ತ್ರ, ಸೋಪು, ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಕಸೂತಿ ಹಾಕಿದ ಒಂದು ಜೊತೆ ಚಪ್ಪಲಿ. ತಿನ್ನಲು ಇದ್ದದ್ದು ಸ್ವಲ್ಪ ಟೀ, ಹತ್ತಿರ ಹತ್ತಿರ 18 ಕಿಲೋ ಚಾಕೊಲೇಟು, ಅಷ್ಟೇ. ಬಾಚಣಿಗೆಯ ಹೆಸರು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಚಳಿಯಲ್ಲೂ ಯಾರೋ ತಲೆ ಬಾಚಿಕೊಳ್ಳುವ ಮನಸ್ಸು ಉಳಿಸಿಕೊಂಡಿದ್ದರು.

ಆ ದೋಣಿಯಲ್ಲಿ ಬೆಳ್ಳಿಯ ಚಮಚ, ಫೋರ್ಕುಗಳೇ 26. ಎಂಟರ ಮೇಲೆ ಫ್ರಾಂಕ್ಲಿನ್ ಮನೆತನದ ಲಾಂಛನ: ಎರಡು ಎಲೆಕುಡಿಗಳ ನಡುವೆ ಮೀನಿನ ತಲೆ. ನಾನು ಬರೆಯಲು ಆರಿಸಿಕೊಂಡದ್ದು ಈ ಲಾಂಛನವಿರುವ ಚಮಚವನ್ನೇ.

ಗಾಜಿನಾಚೆಗೆ ಅಳತೆ ಹಿಡಿಯುವ ಕ್ಯಾಲಿಪರ್ ಹಾಕುವಂತಿಲ್ಲ. ಮ್ಯೂಸಿಯಂ ಪ್ರಕಟಿಸಿದ ಉದ್ದಳತೆಯನ್ನು ಗ್ರಾಫ್ ಹಾಳೆಗೆ ಇಳಿಸಿ, ಉಳಿದ ಅಳತೆಗಳನ್ನು ಆ ಪ್ರಮಾಣದಲ್ಲೇ ಹಿಡಿದೆ. ಬೆಳಕು ಎಡಮೇಲಿನಿಂದ ಬೀಳುತ್ತದೆ ಎಂದುಕೊಂಡು ನೆರಳು ಹಾಕುವುದು ನಮ್ಮಲ್ಲಿನ ರೂಢಿ. ಆದರೆ ಅಲ್ಲಿನ ದೀಪಗಳು ಬೇರೆ ಕಡೆಯಿಂದ ಬೀಳುತ್ತಿದ್ದವು, ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಎರಡನೇ ಸಲ ಕಪ್ಪು ಶಾಲು ಹೊದ್ದು ಹೋದೆ, ಪ್ರತಿಫಲನ ಕಡಿಮೆಯಾಯಿತು. ಬೆಳ್ಳಿಯ ಹೊಳಪಿಗೆ ಗೆರೆ ಎಳೆದರೆ ತಗಡಿನಂತೆ ಕಾಣುತ್ತದೆ, ಚುಕ್ಕಿಯಿಟ್ಟೇ ತರಬೇಕು. ಬರೀ ಮೀನಿನ ತಲೆಗೇ ಒಂದು ಮಧ್ಯಾಹ್ನ ಹಿಡಿಯಿತು.

ಹಿಂಬದಿ ಗಾಜಿನಲ್ಲಿ ಕಾಣದು. ಅದನ್ನು ಮ್ಯೂಸಿಯಂನ ಫೋಟೊ ನೋಡಿ ಬರೆದೆ. ತಪ್ಪಿದ್ದು ಅಲ್ಲೇ. ಹಿಡಿಯ ಮೇಲೆ ಒಂದಷ್ಟು ಗೀರುಗಳಿದ್ದವು. ನೆಲಕ್ಕೆ ಉಜ್ಜಿ ಆದವು ಎಂದುಕೊಂಡು ಬಿಟ್ಟುಬಿಟ್ಟೆ. ಶಾಯಿ ಹಾಕಿ ಮುಗಿಸಿದ ಮೇಲೆ ಫೋಟೊ ಹಿಗ್ಗಿಸಿ ನೋಡಿದರೆ, ಅವು ಇಂಗ್ಲಿಷಿನ ಎರಡು ದೊಡ್ಡಕ್ಷರ! ಹಡಗುಗಳನ್ನು ತೊರೆದು ನಡೆಯುವ ಮುನ್ನ ಅಧಿಕಾರಿಗಳು ತಮ್ಮ ಬೆಳ್ಳಿಯನ್ನು ಉಳಿಸಿಕೊಳ್ಳಲೆಂದು ನಾವಿಕರಿಗೆ ಹಂಚಿರಬೇಕು ಎಂಬುದು ಮೆಕ್ಲಿಂಟಾಕ್‌ನ ಊಹೆ. ಸಿಕ್ಕವರು ತಮ್ಮ ಗುರುತು ಗೀಚಿಕೊಂಡಿದ್ದಾರೆ, ನಮ್ಮ ಮನೆಗಳ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವ ಹಾಗೆ. ಮುಂದೆ ಫ್ರಾಂಕ್ಲಿನ್‌ನ ಮೀನು, ಹಿಂದೆ ಒಬ್ಬ ನಾವಿಕ. ನಾನು ಅವನನ್ನೇ ಅಳಿಸಿಹಾಕಿದ್ದೆ.

ಹಾಳೆ ಎತ್ತಿಟ್ಟು ಮೊದಲಿನಿಂದ ಬರೆದೆ. ಈ ಸಲ ಶುರುಮಾಡಿದ್ದು ಬೆನ್ನಿನಿಂದ. ಪ್ರತಿ ಗೀರು ಆರಂಭದಲ್ಲಿ ಆಳ, ಕೊನೆಯಲ್ಲಿ ತೆಳು. ಎರಡನೇ ಅಕ್ಷರದಲ್ಲಿ ಮೊನೆ ಒಮ್ಮೆ ಜಾರಿ, ಅಂಚಿನ ತನಕ ಹೋಗಿದೆ. ಆ ಜಾರಿದ ಗೆರೆಯನ್ನೂ ಇದ್ದ ಉದ್ದಕ್ಕೇ ಎಳೆದಿದ್ದೇನೆ.