ಕ್ರೇಟ್‌ನಲ್ಲೇ ಗಲೀಜು ಮಾಡುವ ದತ್ತು ನಾಯಿಗೆ ಅಭ್ಯಾಸ ಮಾಡಿಸುವುದು ಹೇಗೆ?

ನಾಯಿ ಸಾಮಾನ್ಯವಾಗಿ ತಾನು ಮಲಗುವ ಜಾಗವನ್ನು ಕೆಡಿಸಿಕೊಳ್ಳುವುದಿಲ್ಲ. ಕ್ರೇಟ್ ಎಂದರೆ ನಾಯಿ ಮಲಗಲು ಮನೆಯೊಳಗೆ ಇಡುವ, ಬಾಗಿಲಿರುವ ಗೂಡು. ಅದರ ತರಬೇತಿ ಪೂರ್ತಿ ನಿಂತಿರುವುದು ಇದರ ಮೇಲೆ. 3 ವಾರದ ಮರಿ ಕೂಡ ಕಾಲೂರಿ ನಡೆಯಲು ಬಂದ ಮೇಲೆ ತಾಯಿಯ ಮಗ್ಗುಲಿಂದ ಸ್ವಲ್ಪ ಆಚೆ ಹೋಗಿ ಉಚ್ಚೆ ಮಾಡಲು ನೋಡುತ್ತದೆ. ಆದರೆ ಆಚೆ ಹೋಗಲು ಜಾಗವೇ ಇಲ್ಲದ ಕಡೆ ಬೆಳೆದ ನಾಯಿ ಏನು ಮಾಡಬೇಕು?

ಬ್ರೀಡರ್‌ಗಳು ವರ್ಷಗಟ್ಟಲೆ ಮರಿ ಹಾಕಿಸಿ, ಆಮೇಲೆ ಬೇಡವೆಂದು ಬಿಟ್ಟ ಬೀಗಲ್, ಲ್ಯಾಬ್ರಡಾರ್, ಶಿಟ್ಸು ತಾಯಂದಿರ ಪಾಡು ಇದೇ. ಇಂಥ ವ್ಯಾಪಾರಕ್ಕೆ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ತಂದಿದೆ. ಆದರೂ ತಂತಿ ಬೋನಿನಲ್ಲಿ ಉಂಡು, ಅಲ್ಲೇ ಮಲಗಿ, ಅಲ್ಲೇ ಎಲ್ಲ ಮಾಡಿಕೊಂಡು ಬದುಕಿದ ನಾಯಿಗಳು ಇನ್ನೂ ದತ್ತು ಮನೆಗಳಿಗೆ ಬರುತ್ತಿವೆ. ಅವಕ್ಕೆ ಆ ನಾಚಿಕೆ, ಆ ಹೇಸಿಗೆ ಸವೆದು ಹೋಗಿರುತ್ತದೆ. ಹಟವಲ್ಲ, ಸೇಡಲ್ಲ. ನೀವು ಬೈದರೂ ಹೊಡೆದರೂ ಅದು ಮರಳಿ ಬರುವುದಿಲ್ಲ. ಮೂತಿಯನ್ನು ಉಚ್ಚೆಗೆ ಒತ್ತಿ ಉಜ್ಜುವ ಪದ್ಧತಿಯನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ನಿಮ್ಮೆದುರು ಉಚ್ಚೆ ಮಾಡುವುದೇ ಅಪಾಯ ಎಂದು ನಾಯಿ ಕಲಿಯುತ್ತದೆ. ಹೊರಗೆ ಕರೆದುಕೊಂಡು ಹೋದಾಗಲೂ ಬಿಗಿ ಹಿಡಿದು, ಮನೆಗೆ ಬಂದು ಸೋಫಾ ಹಿಂದೆ ಮಾಡುತ್ತದೆ.

ಮೊದಲು ಡಾಕ್ಟರು

ಉಚ್ಚೆ ಮತ್ತು ಕಕ್ಕ ಎರಡನ್ನೂ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ಜಂತುಹುಳು, ಜಿಯಾರ್ಡಿಯಾ (ಭೇದಿ ತರಿಸುವ ಕರುಳಿನ ಪರಾವಲಂಬಿ), ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಯಾವ ತರಬೇತಿಯೂ ನಡೆಯದು. ಸಂತಾನಹರಣ ಆದ ಹೆಣ್ಣು ನಾಯಿಗಳಲ್ಲಿ ಕೆಲವಕ್ಕೆ ನಿದ್ದೆಯಲ್ಲೇ ಉಚ್ಚೆ ಸೋರುತ್ತದೆ. ಎದ್ದಾಗ ಹಿಂಭಾಗ ಇದ್ದ ಜಾಗ ಮಾತ್ರ ಒದ್ದೆಯಾಗಿದ್ದರೆ ಅನುಮಾನಪಡಿ, ಅದಕ್ಕೆ ಔಷಧಿ ಇದೆ. ಚರ್ಮದ ತುರಿಕೆಗೆಂದು ಸ್ಟೆರಾಯ್ಡ್ ಕೊಡುತ್ತಿದ್ದರೆ ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಮಾಡುತ್ತದೆ. ಶೆಲ್ಟರ್‌ನವರು ಕೊಟ್ಟ ಮಾತ್ರೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಹೊಸ ನಾಯಿಗೆ ಪ್ರೀತಿಯಿಂದ ಹಾಲು ಬ್ರೆಡ್ಡು ಕೊಡುವ ಮನೆಗಳು ನಮ್ಮಲ್ಲಿ ಬಹಳ. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ. ಹೊಟ್ಟೆ ಕೆಟ್ಟ ನಾಯಿ ಕ್ರೇಟ್‌ನಲ್ಲಿ ತಡೆದುಕೊಳ್ಳುವುದಾದರೂ ಹೇಗೆ? ಅದು ಮೊದಲು ತಿನ್ನುತ್ತಿದ್ದ ಆಹಾರವನ್ನೇ ಕೊಡಿ, ಬದಲಿಸುವುದಿದ್ದರೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ.

ಕ್ರೇಟ್ ಮತ್ತು ಬೇಲಿ

ನಾಯಿ ತಲೆ ತಗ್ಗಿಸದೆ ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ದೊಡ್ಡದಿರಲಿ. 18–20 ಕಿಲೋ ತೂಗುವ ನಮ್ಮ ಊರ ನಾಯಿಗೆ ಸಾಮಾನ್ಯವಾಗಿ 36 ಇಂಚಿನದು ಸಾಕು. ನೆಲದಲ್ಲೂ ತಂತಿ ಜಾಲರಿ, ಅದರ ಕೆಳಗೆ ಗಲೀಜು ಬೀಳುವ ಟ್ರೇ ಇರುವ ಅಗ್ಗದ ಬೋನುಗಳನ್ನು ಪೆಟ್ ಅಂಗಡಿಗಳು ತೋರಿಸುತ್ತವೆ. ‘ತೊಳೆಯೋದು ಸುಲಭ’ ಎನ್ನುತ್ತಾರೆ. ಕೊಳ್ಳಲೇಬೇಡಿ. ನಿಮ್ಮ ನಾಯಿ ತಪ್ಪಿಸಿಕೊಂಡು ಬಂದಿರುವುದೇ ಅಂಥ ಬೋನಿನಿಂದ. ಪಾದಕ್ಕೆ ಜಾಲರಿ ತಗುಲಿದ ಕೂಡಲೇ ಹಳೆಯ ಅಭ್ಯಾಸ ಎದ್ದು ಬರುತ್ತದೆ. ಸಾಧ್ಯವಾದರೆ ತಂತಿಯದರ ಬದಲು ಪ್ಲಾಸ್ಟಿಕ್ ಗೋಡೆಯ ಕ್ರೇಟ್ ತನ್ನಿ. ನೋಡಲು, ಮುಟ್ಟಲು ಹಳೆಯದಕ್ಕಿಂತ ಬೇರೆ ಇದ್ದಷ್ಟೂ ಒಳ್ಳೆಯದು.

‘ಕ್ರೇಟ್ ಚಿಕ್ಕದು ಮಾಡಿ, ಜಾಗ ಇಲ್ಲದಿದ್ದರೆ ಮಾಡಲ್ಲ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾಮೂಲಿ ಮರಿಗೆ ಅದು ಸರಿ. ಹೇಸಿಗೆ ಸವೆದ ನಾಯಿಗೆ ಅದು ಪೂರ್ತಿ ತಪ್ಪು. ಅದು ಮಾಡೇ ಮಾಡುತ್ತದೆ, ಮಾಡಿ ಅದರಲ್ಲೇ ಮಲಗುತ್ತದೆ. ಇದಕ್ಕೆ ಮೊದಲು ಬೇಕಾದದ್ದು ದೂರ ಹೋಗುವ ಅವಕಾಶ. ಕ್ರೇಟ್‌ನ ಬಾಗಿಲು ತೆಗೆದಿಟ್ಟು, ಅದರ ಮುಂದೆ ಮಡಚುವ ಬೇಲಿ ಕಟ್ಟಿ ಒಂದು ಸಣ್ಣ ಅಂಗಳ ಮಾಡಿ. ಅಂಗಳದ ದೂರದ ಮೂಲೆಯಲ್ಲಿ ದಪ್ಪಗೆ ಪೇಪರ್ ಹಾಸಿ. ನಾಯಿ ಕ್ರೇಟ್‌ನಿಂದ ಎದ್ದು ಬಂದು ಪೇಪರ್ ಮೇಲೆ ಮಾಡಿದ ದಿನ ಅರ್ಧ ಕೆಲಸ ಮುಗಿದಂತೆ. ಕ್ರೇಟ್ ಒಳಗೆ ಪೇಪರ್ ಆಗಲಿ ಉಚ್ಚೆ ಹೀರುವ ಪಪ್ಪಿ ಪ್ಯಾಡ್ ಆಗಲಿ ಹಾಕಬೇಡಿ. ಹಾಕಿದರೆ ‘ಇದೇ ನಿನ್ನ ಕಕ್ಕಸು’ ಎಂದು ನೀವೇ ಹೇಳಿಕೊಟ್ಟಂತೆ. ಮೆತ್ತನೆಯ ಹಾಸಿಗೆಯ ಮೇಲೇ ಉಚ್ಚೆ ಮಾಡುವ ನಾಯಿಯಾದರೆ ಸದ್ಯಕ್ಕೆ ಹಾಸಿಗೆ ತೆಗೆದು ತೆಳು ರಬ್ಬರ್ ಮ್ಯಾಟ್ ಹಾಕಿ.

ಊಟ ಮಾತ್ರ ಕ್ರೇಟ್ ಒಳಗೇ, ಕೊನೆಯ ಮೂಲೆಯಲ್ಲಿ. ಬಾಗಿಲು ಮುಚ್ಚುವ ಯೋಚನೆ ಈಗ ಬೇಡ.

ತೊಳೆಯುವುದು

ಫಿನಾಯಿಲ್ ಬೇಡ. ನಮಗೆ ವಾಸನೆ ಹೋಯಿತು ಅನ್ನಿಸುತ್ತದೆ, ನಾಯಿಗೆ ಹೋಗಿರುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಇನ್ನೂ ಕೆಟ್ಟದು, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ. ಉಚ್ಚೆಯ ಮೇಲೆ ಬ್ಲೀಚ್ ಸುರಿದರೆ ವಿಷದ ಗಾಳಿ ಏಳುತ್ತದೆ. ಉಚ್ಚೆಯ ವಾಸನೆಯನ್ನು ಒಡೆದುಹಾಕುವ ಎನ್‌ಜೈಮ್ ಇರುವ ಕ್ಲೀನರ್ ತಂದು, ಚೆನ್ನಾಗಿ ನೆನೆಸಿ, ಬಾಟಲಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಒರೆಸಿ. ಹಾಕಿದ ತಕ್ಷಣ ಒರೆಸುವುದಾದರೆ ಸುಮ್ನೆ ದುಡ್ಡು ದಂಡ. ಕ್ರೇಟ್‌ನ ತಳದಲ್ಲಿ ಟ್ರೇ ಇದ್ದರೆ ಎತ್ತಿ ಅದರ ಕೆಳಗೂ ತೊಳೆಯಿರಿ.

ಹೊರಗೆ ಕರೆದುಕೊಂಡು ಹೋಗುವುದು: ಎಲ್ಲರೂ ಎಡವುವುದು ಇಲ್ಲೇ

ಬೆಳಗ್ಗೆ ಎದ್ದ ಕೂಡಲೇ, ಪ್ರತಿ ಊಟ ಆದ ಮೇಲೆ, ಪ್ರತಿ ನಿದ್ದೆ ಆದ ಮೇಲೆ, ಆಟ ಆದ ಮೇಲೆ, ಮಲಗುವ ಮುಂಚೆ. ಇದರ ನಡುವೆ ಹಗಲಲ್ಲಿ ಎರಡು ಗಂಟೆಗೊಮ್ಮೆ. ಹೊಟ್ಟೆಗೆ ಬಿದ್ದ ಊಟವೇ ಕರುಳನ್ನು ಎಬ್ಬಿಸುತ್ತದೆ. ಹಾಗಾಗಿ ಊಟದ ನಂತರದ ಅರ್ಧ ಗಂಟೆ ಬಹಳ ಮುಖ್ಯ. ಊಟದ ಹೊತ್ತು ಗಡಿಯಾರದ ಪ್ರಕಾರ ಇದ್ದರೆ ಕಕ್ಕದ ಹೊತ್ತೂ ಹಾಗೇ ಆಗುತ್ತದೆ. ದಿನವಿಡೀ ತಟ್ಟೆ ತುಂಬಿಡಬೇಡಿ. ಒಂದು ಚೀಟಿಯಲ್ಲಿ ಹೊತ್ತು ಬರೆದಿಡಿ: ಯಾವಾಗ ತಿಂತು, ಯಾವಾಗ ಮಾಡಿತು, ಎಲ್ಲಿ. ಒಂದು ವಾರದಲ್ಲಿ ನಿಮ್ಮ ನಾಯಿಯ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಯಾವಾಗಲೂ ಒಂದೇ ಜಾಗಕ್ಕೆ ಹೋಗಿ. ಸಿಮೆಂಟ್ ನೆಲದಲ್ಲೇ ಬೆಳೆದ ನಾಯಿಗೆ ಹುಲ್ಲು ಎಂದರೆ ಹೆದರಿಕೆ. ಪಾರ್ಕಿನಲ್ಲಿ ಅರ್ಧ ಗಂಟೆ ನಿಂತರೂ ಮಾಡುವುದಿಲ್ಲ. ಅಪಾರ್ಟ್‌ಮೆಂಟ್ ಹಿಂದಿನ ಸಿಮೆಂಟ್ ಮೂಲೆಯಿಂದ ಶುರು ಮಾಡಿ, ಅದರ ಉಚ್ಚೆ ತಾಗಿದ ಪೇಪರ್ ತುಂಡು ಅಲ್ಲಿಡಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಮಣ್ಣಿನ ಕಡೆ ಜರುಗಿಸಿ. ಜಾಗ ತೋರಿಸುತ್ತದೆ ಎಂದು ಮಾರುವ ಸ್ಪ್ರೇಗಿಂತ ಈ ಪೇಪರ್ ತುಂಡು ಮೇಲು. ಎತ್ತಿ ತೊಳೆಯಲು ಚೀಲ, ನೀರಿನ ಬಾಟಲಿ ಕೈಯಲ್ಲಿರಲಿ. ಮಳೆಗಾಲಕ್ಕೆ ಸೂರಿರುವ ಮೂಲೆಯೊಂದನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಅಲ್ಲಿ ಹೋಗಿ ನಿಂತುಕೊಳ್ಳಿ. ಮಾತು ಬೇಡ, ಫೋನ್ ಬೇಡ, ಆಟ ಬೇಡ. ಮಾಡಿ ಮುಗಿಸಿದ ಕ್ಷಣದಲ್ಲೇ ತಿಂಡಿ ಕೊಡಿ, ಹೊಗಳಿ. ಮನೆಗೆ ಬಂದು ಬಿಸ್ಕತ್ತು ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ಬಿಸ್ಕತ್ತು. ಮಾಡಿದ ತಕ್ಷಣ ಲಿಫ್ಟ್ ಕಡೆ ಎಳೆದುಕೊಂಡು ಹೋಗಲೂ ಬೇಡಿ. ಉಚ್ಚೆ ಮಾಡಿದರೆ ಸುತ್ತಾಟ ಮುಗಿಯಿತು ಎಂದು ಗೊತ್ತಾದರೆ ನಾಯಿ ಎಷ್ಟು ಹೊತ್ತಾದರೂ ತಡೆದು ನಿಲ್ಲುತ್ತದೆ. ಮಾಡಿದ ಮೇಲೆಯೇ ಸುತ್ತಾಟ ಶುರುವಾಗಲಿ. ಸುಮಾರು ನಾಯಿಗಳು ಒಂದೇ ಸಲಕ್ಕೆ ಖಾಲಿ ಮಾಡುವುದಿಲ್ಲ, ಎರಡನೆಯದಕ್ಕೂ ಕಾಯಿರಿ.

ಹತ್ತು ನಿಮಿಷ ನಿಂತರೂ ಏನೂ ಮಾಡಲಿಲ್ಲ. ಈಗ ಏನು? ಎಲ್ಲರೂ ಮನೆಗೆ ಬಂದು ನಾಯಿಯನ್ನು ಕ್ರೇಟ್‌ಗೆ ಬಿಡುತ್ತಾರೆ, ಇಲ್ಲವೇ ಹಾಲ್‌ನಲ್ಲಿ ಬಿಡುತ್ತಾರೆ. ಐದು ನಿಮಿಷಕ್ಕೆ ಗಲೀಜು. ಉಚ್ಚೆ, ಕಕ್ಕ ಇನ್ನೂ ಮಾಡದೆ ತಡೆದುಕೊಂಡಿರುವ ನಾಯಿಯನ್ನು ಕ್ರೇಟ್‌ಗೆ ಬಿಡಲೇಬಾರದು. ಮನೆಗೆ ಕರೆತಂದು ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ನೀವು ಅಡುಗೆ ಮಾಡಿ, ಓದಿ, ಅದು ನಿಮ್ಮ ಪಕ್ಕದಲ್ಲೇ ಇರಲಿ. ನೆಲ ಮೂಸಿ ಸುತ್ತು ಹಾಕಲು ಶುರು ಮಾಡಿದರೆ ತಕ್ಷಣ ಹೊರಗೆ. ಸುತ್ತು ಹಾಕದಿದ್ದರೂ ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಗೆ. ಮಾಡುವ ತನಕ ಹೀಗೇ. ಮೊದಲ ಎರಡು ವಾರ ಸಾಕಾಗಿ ಹೋಗುತ್ತದೆ, ನಿಜ. ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ.

ನೀರು ಕಡಿಮೆ ಮಾಡಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಅದು ಅಪಾಯ.

ಬಾಗಿಲು ಮುಚ್ಚುವುದು

ಬೇಲಿಯೊಳಗೆ ಕ್ರೇಟ್ ಒಂದು ವಾರ ಒಣಗಿದ್ದರೆ ಮಾತ್ರ. ಹೊರಗೆ ಮಾಡಿ ಬಂದ ನಾಯಿ ಊಟ ತಿನ್ನುವಾಗ ಬಾಗಿಲು ಮುಚ್ಚಿ, ತಟ್ಟೆ ಖಾಲಿಯಾಗುವ ಮುಂಚೆ ತೆಗೆಯಿರಿ. ಅಲ್ಲಿಂದ ಒಂದೊಂದೇ ನಿಮಿಷ ಏರಿಸಿ. ಚೀಟಿಯಲ್ಲಿ ಅದು ಎರಡು ಗಂಟೆ ತಡೆಯುತ್ತದೆ ಎಂದಿದ್ದರೆ ಒಂದೂವರೆ ಗಂಟೆಗೇ ಹೊರಗೆ ತನ್ನಿ. ರಾತ್ರಿ ಕುಂಯ್‌ಗುಡುವ ಮುಂಚೆಯೇ ಅಲಾರಂ ಇಟ್ಟು ಎಬ್ಬಿಸಿ, ದೀಪ ಹಾಕದೆ ಕರೆದುಕೊಂಡು ಹೋಗಿ ಬನ್ನಿ. ಬೆಳೆದ ನಾಯಿಯಾದರೂ ಹಗಲಲ್ಲಿ ಒಂದೇ ಸಮನೆ ನಾಲ್ಕು ಗಂಟೆಗಿಂತ ಜಾಸ್ತಿ ಕೂಡಿಹಾಕಬಾರದು. ಇಬ್ಬರೂ ಆಫೀಸಿಗೆ ಹೋಗುವ ಮನೆಯಾದರೆ ಮಧ್ಯಾಹ್ನ ಬಂದು ಹೋಗುವವರನ್ನು ಗೊತ್ತು ಮಾಡಿ. ಅಲ್ಲಾಡಲು ಜಾಗವಿಲ್ಲದ ಬೋನಿನಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಒಂಟಿ ಬಿಟ್ಟಾಗ ಹಳೆಯ ಫೋನ್ ಇಟ್ಟು ವಿಡಿಯೊ ಮಾಡಿ ನೋಡಿ. ಸುಮ್ಮನೆ ಎದ್ದು ಉಚ್ಚೆ ಮಾಡಿ ಮಲಗಿದರೆ ಅದು ಅಭ್ಯಾಸ. ಏದುಸಿರು, ಜೊಲ್ಲು, ಬಾಗಿಲು ಕಚ್ಚುವುದು, ಉಗುರಿನಲ್ಲಿ ರಕ್ತ ಕಂಡರೆ ಅದು ಭಯ. ಅಂಥ ನಾಯಿಗೆ ಕ್ರೇಟ್ ಬೇಡವೇ ಬೇಡ. ಒಂದು ರೂಮು, ಬಾಗಿಲಿಗೆ ಗೇಟು ಸಾಕು. ಇದರ ಜೊತೆಗೆ ನಾಯಿ ನಡವಳಿಕೆ ತಿಳಿದ ಡಾಕ್ಟರ ಸಲಹೆ ತೆಗೆದುಕೊಳ್ಳಿ.

ಎಲ್ಲ ಸರಿಹೋದ ಮೇಲೂ ದೀಪಾವಳಿ ಪಟಾಕಿಗೆ, ಮನೆ ಬದಲಿಸಿದಾಗ ಒಂದೆರಡು ಸಲ ಮತ್ತೆ ಒಳಗೇ ಆಗಬಹುದು. ಆಗ ಬಾಗಿಲು ತೆಗೆದಿಟ್ಟು, ಬೇಲಿ ಮತ್ತೆ ಕಟ್ಟಿ, ಕ್ರೇಟ್ ಮೂರು ನಾಲ್ಕು ದಿನ ಒಣಗಿದ್ದರೆ ಮಾತ್ರ ಮತ್ತೆ ಊಟದ ಹೊತ್ತಿನ ಬಾಗಿಲಿನಿಂದ ಶುರು ಮಾಡಿ.